ಹಸುವಿನ ಪಾಲಿನ ಅಕ್ಕಡಿ ಸಾಲು

ಚನ್ನರಾಯಪಟ್ಟಣ, ಹೊಳೆನರಸೀಪುರ ಸೀಮೆಯ ಯಾವುದೇ ಹಳ್ಳಿಗೆ ಬೆಳಗಿನ ಆರು ಗಂಟೆಗೆ ಹೋದರೂ ಕಾಣುವ ದೃಶ್ಯ ಒಂದೇ. ಕೈಯಲ್ಲಿ ಹಾಲಿನ ಕ್ಯಾನು ಹಿಡಿದ ಹೆಣ್ಣುಮಕ್ಕಳು, ಅವ್ವನ ಪರವಾಗಿ ಬಂದ ಶಾಲಾ ಮಕ್ಕಳು, ಹೆಗಲ ಮೇಲೆ ಟವಲು ಹೊದ್ದ ಹಿರಿಯರು ಡೇರಿಯ ಮುಂದೆ ಸಾಲುಗಟ್ಟಿರುತ್ತಾರೆ. ಅದೇ ಡೇರಿಯ ಒಳಕೋಣೆಯಲ್ಲಿ ಪಶು ಆಹಾರದ ಮೂಟೆಗಳನ್ನು ಒಟ್ಟಿರುತ್ತಾರೆ. ಬಟವಾಡೆಯ ದಿನ ಹಾಲಿನ ಲೆಕ್ಕದಲ್ಲಿ ಮೂಟೆಯ ಲೆಕ್ಕ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಹಾಲಿನ ದರ ಏರಿದಾಗ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಆದರೆ ಹಾಲು ಕರೆಯುವ ಮನೆಯ ನಿಜವಾದ ಚರ್ಚೆ ನಡೆಯುವುದು ಈ ಮುರಿದುಕೊಂಡ ಹಣದ ಸುತ್ತ.

ಹೈನುಗಾರಿಕೆಯ ಖರ್ಚಿನಲ್ಲಿ ಬಹುಪಾಲನ್ನು ಮೇವು ಮತ್ತು ಆಹಾರವೇ ನುಂಗುತ್ತವೆ ಎಂಬುದು ಹೊಸ ಸಂಗತಿಯೇನಲ್ಲ. ಹೊಸತೆಂದರೆ, ಈಗ ಇದೇ ರೈತರಿಗೆ ಸಾವಯವದ ಪಾಠವನ್ನೂ ಹೇಳಲಾಗುತ್ತಿದೆ. 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ಹೆಗ್ಗಳಿಕೆ ಕರ್ನಾಟಕದ್ದು. ಸಾವಯವ ಅಕ್ಕಿ, ಸಿರಿಧಾನ್ಯ, ಬೆಲ್ಲಗಳ ಜೊತೆಗೆ ಸಾವಯವ ಹಾಲಿಗೂ ನಗರದಲ್ಲಿ ಬೇಡಿಕೆ ಇದೆ. ಆದರೆ ಹಾಲು ಸಾವಯವವಾಗಬೇಕಾದರೆ ಹಸು ತಿನ್ನುವುದು ಮೊದಲು ಸಾವಯವವಾಗಬೇಕು. ವರ್ಷದ ಅರ್ಧಕಾಲ ಆಕಾಶ ನೋಡುತ್ತ ಕೂರುವ ಒಣಭೂಮಿಯಲ್ಲಿ ಅದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ನಮ್ಮ ನೀತಿ ನಿರೂಪಕರು ಸಮಾಧಾನಕರ ಉತ್ತರ ಕೊಟ್ಟಿಲ್ಲ. ಉತ್ತರದ ಒಂದು ಮುಖ್ಯಭಾಗ ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿಯೇ ಇತ್ತು. ಅದನ್ನು ನಾವೇ ಅಳಿಸುತ್ತ ಬಂದಿದ್ದೇವೆ.

ಒಂದೇ ಜಿಲ್ಲೆ, ಹಲವು ಆಕಾಶ

ಹಾಸನ ಜಿಲ್ಲೆಯನ್ನು ಹೊರಗಿನವರು ಮಲೆನಾಡಿನ ಕಣ್ಣಿನಿಂದಲೇ ನೋಡುವುದುಂಟು. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ ಎಂಬುದು ನಿಜ. ಆದರೆ ಪೂರ್ವಕ್ಕೆ ಇಳಿಯುತ್ತ ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ಅದು 700 ಮಿ.ಮೀ.ಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಹಾಸನ, ಅರಕಲಗೂಡು ದಕ್ಷಿಣದ ಅರೆಮಲೆನಾಡು ವಲಯಕ್ಕೆ ಸೇರಿದರೆ ಚನ್ನರಾಯಪಟ್ಟಣವು ದಕ್ಷಿಣದ ಒಣ ವಲಯಕ್ಕೆ, ಅರಸೀಕೆರೆಯು ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ನಾಲೆಯ ಪಕ್ಕದ ಊರುಗಳ ಬದುಕನ್ನು ಬದಲಿಸಿದೆ. ಆದರೆ ನಾಲೆಯಿಂದ ಮೇಲಿರುವ ದಿಣ್ಣೆ ಹೊಲಗಳಿಗೆ ಇಂದಿಗೂ ಮಳೆಯೇ ಗತಿ.

2023ರ ಬರಗಾಲ ಇದನ್ನು ಮತ್ತೊಮ್ಮೆ ನೆನಪಿಸಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಆ ವರ್ಷ ಘೋಷಿಸಬೇಕಾಯಿತು. ಇಂಥ ವರ್ಷಗಳಲ್ಲಿ ಮೊದಲು ಬರಿದಾಗುವುದು ಹುಲ್ಲಿನ ಮೆದೆ. ಮೆದೆ ಬರಿದಾದ ಮನೆಯಲ್ಲಿ ಮುಂದೆ ಬರಿದಾಗುವುದು ಕೊಟ್ಟಿಗೆ. ಬರಗಾಲವಿಲ್ಲದ ವರ್ಷಗಳಲ್ಲೂ ಪರಿಸ್ಥಿತಿ ಹಿತಕರವೇನಲ್ಲ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯು ತನ್ನ ‘ವಿಷನ್ 2050’ ದಾಖಲೆಯಲ್ಲಿ ದೇಶದ ಹಸಿರು ಮೇವಿನ ಕೊರತೆಯನ್ನು ಶೇ 35.6 ಎಂದು ಅಂದಾಜಿಸಿತ್ತು.

ಈ ಕೊರತೆ ಕೇವಲ ತೂಕದ ಕೊರತೆಯಲ್ಲ. ಅದು ಮುಖ್ಯವಾಗಿ ಸಸಾರಜನಕದ, ಅಂದರೆ ಪ್ರೋಟೀನಿನ ಕೊರತೆ. ನಮ್ಮ ಸೀಮೆಯ ಹಸುವಿನ ಮುಖ್ಯ ಆಹಾರ ರಾಗಿ ಹುಲ್ಲು. ಭತ್ತದ ಹುಲ್ಲಿಗೆ ಹೋಲಿಸಿದರೆ ರಾಗಿ ಹುಲ್ಲು ಮೇಲು ಎಂಬ ಹಿರಿಯರ ಮಾತು ಸರಿಯೇ. ಆದರೂ ಅದರಲ್ಲಿರುವ ಕಚ್ಚಾ ಪ್ರೋಟೀನು ಶೇ 3ರಿಂದ 4 ಮಾತ್ರ. ಹಸುವಿನ ಮೆಲುಕು ಹೊಟ್ಟೆಯಲ್ಲಿ ನಾರನ್ನು ಅರಗಿಸುವುದು ಕೋಟ್ಯಂತರ ಸೂಕ್ಷ್ಮಜೀವಿಗಳು. ಒಟ್ಟು ಮೇವಿನಲ್ಲಿ ಪ್ರೋಟೀನಿನ ಪ್ರಮಾಣ ಶೇ 7ರ ಆಸುಪಾಸಿಗಿಂತ ಕೆಳಗಿಳಿದರೆ ಈ ಜೀವಿಗಳೇ ಉಪವಾಸ ಬೀಳುತ್ತವೆ. ಹುಲ್ಲು ಅರಗುವುದು ನಿಧಾನವಾಗುತ್ತದೆ; ಹೊಟ್ಟೆ ತುಂಬಿದಂತಿದ್ದು ಹಸು ಮೇವು ಬಿಡುತ್ತದೆ; ಹಾಲು ಇಳಿಯುತ್ತದೆ. ಮೆದೆಯ ತುಂಬ ಹುಲ್ಲಿದ್ದೂ ಹಸು ಸೊರಗುವುದರ ಒಳಗುಟ್ಟು ಇದೇ.

ಅಡ್ಡದಾರಿಗಳಿಲ್ಲದ ಸಾವಯವ

ಸಾಮಾನ್ಯ ಹೈನುಗಾರಿಕೆಯಲ್ಲಿ ಈ ಕೊರತೆಯನ್ನು ನೀಗಲು ಹಲವು ದಾರಿಗಳಿವೆ. ಒಣಹುಲ್ಲಿಗೆ ಯೂರಿಯಾ ನೀರು ಸಿಂಪಡಿಸಿ ಹದಗೊಳಿಸುವುದು ವಿಜ್ಞಾನಿಗಳು ದಶಕಗಳಿಂದ ಹೇಳಿಕೊಂಡು ಬಂದ ಕ್ರಮ. ಹಿಂಡಿ, ಬೂಸಾ, ಮೂಟೆಯ ಆಹಾರ ಇನ್ನೊಂದು ದಾರಿ. ಸಾವಯವದ ನಿಯಮಗಳು ಈ ದಾರಿಗಳಲ್ಲಿ ಬಹುತೇಕವನ್ನು ಮುಚ್ಚುತ್ತವೆ. ಯೂರಿಯಾ ಸಲ್ಲದು. ರಾಸಾಯನಿಕ ದ್ರಾವಕದಿಂದ ಎಣ್ಣೆ ತೆಗೆದು ಉಳಿದ ಹಿಂಡಿ ಸಲ್ಲದು. ಕುಲಾಂತರಿ ಬೆಳೆಯಿಂದ ಬಂದ ಆಹಾರವೂ ಸಲ್ಲದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಅದೇ ದೇಶದ ಹತ್ತಿ ಹೊಲಗಳನ್ನು ಬಹುಪಾಲು ಆವರಿಸಿರುವುದರಿಂದ, ನಮ್ಮ ರೈತರಿಗೆ ಅಚ್ಚುಮೆಚ್ಚಿನ ಹತ್ತಿಬೀಜದ ಹಿಂಡಿಯೂ ಈ ಪಟ್ಟಿಯಿಂದ ಹೊರಬೀಳುತ್ತದೆ.

ಹಾಗಾದರೆ ಉಳಿಯುವುದೇನು? ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ರೈಜೋಬಿಯಂ ಜೀವಾಣು ಮತ್ತು ಆ ಜೀವಾಣುವಿಗೆ ಮನೆ ಮಾಡಿಕೊಟ್ಟ ದ್ವಿದಳ ಸಸ್ಯಗಳು. ಅಲಸಂದೆ, ಅವರೆ, ಹುರುಳಿ, ಅಗಸೆಗಳ ಹಸಿರು ಮೇವಿನ ಒಣತೂಕದಲ್ಲಿ ಪ್ರೋಟೀನಿನ ಪ್ರಮಾಣ ಸಾಮಾನ್ಯವಾಗಿ ಶೇ 15ರಿಂದ 22ರವರೆಗೆ ಇರುತ್ತದೆ. ಪಶುಪಾಲನೆಯ ವಿಸ್ತರಣಾ ಪಾಠಗಳಲ್ಲಿ ಒಂದು ಸರಳ ಲೆಕ್ಕವಿದೆ: 6ರಿಂದ 8 ಕಿಲೊ ಹಸಿ ದ್ವಿದಳ ಮೇವು ಒಂದು ಕಿಲೊ ಪಶು ಆಹಾರಕ್ಕೆ ಸಮ. ಅದೇ ಕೆಲಸಕ್ಕೆ ಸೀಮೆ ಹುಲ್ಲಾದರೆ 20 ಕಿಲೊ ಬೇಕು.

ಈ ಲೆಕ್ಕವನ್ನು ಒಂದು ಕೊಟ್ಟಿಗೆಗೆ ಅನ್ವಯಿಸಿ ನೋಡೋಣ. ದಿನಕ್ಕೆ 10 ಲೀಟರ್ ಹಾಲು ಕೊಡುವ ಸೀಮೆಹಸುವಿಗೆ ದೇಹಪೋಷಣೆಗೆ ಒಂದೂವರೆ ಕಿಲೊ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊದಂತೆ ನಾಲ್ಕು ಕಿಲೊ, ಒಟ್ಟು ಐದೂವರೆ ಕಿಲೊ ಪಶು ಆಹಾರ ಕೊಡಬೇಕೆಂಬುದು ವಾಡಿಕೆಯ ಸಲಹೆ. ದಿನಕ್ಕೆ 12ರಿಂದ 16 ಕಿಲೊ ದ್ವಿದಳ ಸೊಪ್ಪು ಸಿಕ್ಕರೆ ಇದರಲ್ಲಿ ಎರಡು ಕಿಲೊ ಉಳಿಯುತ್ತದೆ. 300 ದಿನಗಳ ಹಾಲಿನ ಅವಧಿಗೆ ಅದು 600 ಕಿಲೊ, ಅಂದರೆ 50 ಕಿಲೊದ 12 ಮೂಟೆ. ಒಂದು ಹಸುವಿಗೆ 12 ಮೂಟೆ! ಸಾವಯವದ ಗೊಡವೆಯೇ ಬೇಡ ಎನ್ನುವ ರೈತನಿಗೂ ಇದು ಉಪೇಕ್ಷಿಸುವ ಲೆಕ್ಕವಲ್ಲ.

ಅಳಿದ ಸಾಲುಗಳು

ಹಿಂದಿನವರಿಗೆ ಪ್ರೋಟೀನಿನ ಶೇಕಡಾವಾರು ತಿಳಿದಿರಲಿಲ್ಲ. ಆದರೆ ಹೊಲದಲ್ಲಿ ಯಾವುದು ಯಾರ ಪಾಲು ಎಂಬುದು ಚೆನ್ನಾಗಿ ತಿಳಿದಿತ್ತು. ರಾಗಿ ಬಿತ್ತುವ ಕೂರಿಗೆಯ ಹಿಂದೆಯೇ ಅಕ್ಕಡಿ ಸಾಲು ಬೀಳುತ್ತಿತ್ತು. ಕೆಲವು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳು ಬೆರೆತು ಬೆಳೆಯುತ್ತಿದ್ದವು. ರಾಗಿ ಕೊಯ್ಲಾದ ಮೇಲೂ ಅವರೆ ಹೊಲದಲ್ಲಿ ಹಸಿರಾಗಿ ನಿಂತಿರುತ್ತಿತ್ತು. ಕಾಯಿ ಮನೆಗೆ, ಕಾಳು ವರ್ಷದ ಸಾರಿಗೆ, ಸೊಪ್ಪು ಮತ್ತು ಹೊಟ್ಟು ದನಕ್ಕೆ, ಬೇರು ಮಣ್ಣಿಗೆ ಎಂಬುದು ಅಲಿಖಿತ ಹಂಚಿಕೆ. ಹಿಂಗಾರಿನ ಹಸ್ತ, ಚಿತ್ತ ಮಳೆಗೆ ಬಿತ್ತಿದ ಹುರುಳಿಯು ಇಬ್ಬನಿಯಲ್ಲೇ ಬೆಳೆದು, ಕಾಳನ್ನು ಉಳುವ ಎತ್ತಿಗೂ ಹೊಟ್ಟನ್ನು ಕರೆಯುವ ಹಸುವಿಗೂ ಒದಗಿಸುತ್ತಿತ್ತು. ಬೂಕನಬೆಟ್ಟದ ಜಾತ್ರೆಯಲ್ಲಿ ಮೆರೆಯುವ ಹಳ್ಳಿಕಾರ್ ಜೋಡಿಗಳ ಮೈಕಟ್ಟಿನಲ್ಲಿ ಈ ಹುರುಳಿಯ ಪಾಲೂ ಇದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿಯ ಕರಕಲು ಕಾಳುಗಳು ದೊರೆತಿವೆ ಎಂಬುದನ್ನು ನೆನೆದರೆ, ಈ ನಂಟು ಎಷ್ಟು ಹಳೆಯದು ಎಂಬುದು ಅರ್ಥವಾದೀತು.

ಈ ಸಾಲುಗಳು ಅಳಿದದ್ದಕ್ಕೆ ರೈತರ ಸೋಮಾರಿತನ ಕಾರಣವಲ್ಲ. ಕಳೆ ಕೀಳುವ ಕೂಲಿ ದುಬಾರಿಯಾದಾಗ ಕಳೆನಾಶಕ ಬಂತು. ರಾಗಿಯನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಕೊಲ್ಲುವ 2,4-ಡಿ ಎಂಬ ಔಷಧಿಗೆ ಅವರೆಯೂ ಅಗಲ ಎಲೆಯ ಕಳೆಯೇ. ರಾಗಿ ಕೊಯ್ಯುವ ಯಂತ್ರ ಬಂದಾಗ ನಡುವೆ ಹಬ್ಬಿದ ಅವರೆ ಬಳ್ಳಿ ಅದಕ್ಕೆ ತೊಡರಾಯಿತು. ಹಾಸನದ ಆಲೂಗೆಡ್ಡೆ ಅಂಗಮಾರಿ ರೋಗಕ್ಕೆ ತುತ್ತಾಗಿ ಸೋತ ಹೊಲಗಳಿಗೆ ಮುಸುಕಿನ ಜೋಳ ಮತ್ತು ಶುಂಠಿ ನುಗ್ಗಿದವು. ಅರಕಲಗೂಡಿನ ರಾಮನಾಥಪುರ, ಕೊಣನೂರು ಭಾಗದಲ್ಲಿ ಹೊಗೆಸೊಪ್ಪು ಮೊದಲಿನಿಂದಲೂ ಇದೆ. ಆಲೂಗೆಡ್ಡೆ, ಶುಂಠಿ, ಹೊಗೆಸೊಪ್ಪು ಈ ಮೂರೂ ಕೈಗೆ ಕಾಸು ಕೊಡುವ ಬೆಳೆಗಳು. ಕೊಟ್ಟಿಗೆಗೆ ಒಂದು ಹಿಡಿ ಮೇವನ್ನೂ ಕೊಡದ ಬೆಳೆಗಳು.

ಸಂಶೋಧನೆಯ ಪಾಲೂ ಇದರಲ್ಲಿ ಇಲ್ಲದಿಲ್ಲ. ಹಳೆಯ ಸೊಗಡಿನ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಅಲ್ಲಿಯವರೆಗೆ ಸೊಪ್ಪನ್ನೇ ತುಂಬಿಕೊಳ್ಳುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೊರತಂದ ಎಚ್‌ಎ-3, ಎಚ್‌ಎ-4 ಮೊದಲಾದ ಹೆಬ್ಬಾಳ ಅವರೆ ತಳಿಗಳು ಎಲ್ಲ ಕಾಲದಲ್ಲೂ ಬೇಗ ಹೂ ಬಿಟ್ಟು ಕಾಯಿ ಕೊಡುತ್ತವೆ. ಅವರೆಕಾಯಿ ಮಾರುಕಟ್ಟೆಗೆ ಇದು ವರದಾನವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಿಡ ಗಿಡ್ಡವಾಯಿತು, ಸೊಪ್ಪು ಕಡಿಮೆಯಾಯಿತು. ಮನುಷ್ಯನ ಪಾಲು ಹೆಚ್ಚಿದಾಗ ಹಸುವಿನ ಪಾಲು ಕುಗ್ಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವಿಪರ್ಯಾಸವೆಂದರೆ, ನಾವು ಮರೆತದ್ದನ್ನು ಹೊರಗಿನವರು ಎತ್ತಿಕೊಂಡರು. ಆಸ್ಟ್ರೇಲಿಯದಲ್ಲಿ ಅವರೆಯನ್ನು ಬೆಳೆಯುವುದು ಸಾರಿಗಲ್ಲ, ದನದ ಮೇವಿಗೆ. ಕೀನ್ಯಾ ಮೂಲದ ‘ರೊಂಗೈ’ ಅಲ್ಲಿ 1960ರ ದಶಕದಲ್ಲಿ ಬಳಕೆಗೆ ಬಂದರೆ, ದಕ್ಷಿಣ ಭಾರತ ಮೂಲದ ಅವರೆಯಿಂದ ಬಂದ ‘ಹೈವರ್ತ್’ ತಳಿ 1970ರ ದಶಕದಲ್ಲಿ ಬಿಡುಗಡೆಯಾಯಿತು. ಒಣಭೂಮಿಯ ದ್ವಿದಳ ಮೇವಿಗಾಗಿ ಆ ದೇಶ ಇನ್ನೂ ಹುಡುಕುತ್ತಲೇ ಇದೆ. ಕೆನರಿ ದ್ವೀಪಗಳ ಮೇಕೆಗಳು ಮೇಯುತ್ತಿದ್ದ ‘ಟೆಡೆರಾ’ ಎಂಬ ಗಿಡವನ್ನು ವರ್ಷಗಳ ಕಾಲ ಹದಗೊಳಿಸಿ 2019ರಲ್ಲಿ ಅಲ್ಲಿನ ಪಶ್ಚಿಮ ಪ್ರಾಂತ್ಯದ ರೈತರಿಗೆ ನೀಡಲಾಯಿತು. ಬೇಸಿಗೆಯಲ್ಲೂ ಹಸಿರಾಗಿರುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಯಾವ ಗಿಡ, ಎಲ್ಲಿ?

ದ್ವಿದಳ ಮೇವು ಎಂದೊಡನೆ ನಮ್ಮಲ್ಲಿ ಮೊದಲು ಕೇಳಿಬರುವ ಹೆಸರು ಕುದುರೆ ಮೆಂತೆ. ಮೇವಿನ ಗುಣದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ವಾರ, ಹತ್ತು ದಿನಕ್ಕೊಮ್ಮೆ ನೀರು ಕೇಳುತ್ತದೆ. ಕೊಳವೆಬಾವಿಗಳು ಆಳಕ್ಕಿಳಿಯುತ್ತಿರುವ ಸೀಮೆಯಲ್ಲಿ ಕುದುರೆ ಮೆಂತೆಯನ್ನು ಶಿಫಾರಸು ಮಾಡುವುದು ಸಾಲದ ದಾರಿ ತೋರಿಸಿದಂತೆ. ಒಣಬೇಸಾಯಕ್ಕೆ ಬೇಕಾದುದು ಅದರ ಬದಲಿಗಳು.

ಮೊದಲನೆಯದು ಅಲಸಂದೆ. ಚನ್ನರಾಯಪಟ್ಟಣ, ಹೊಳೆನರಸೀಪುರಗಳಲ್ಲಿ ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗೆ ಹದವಾಗುವ ಹೊಲ ರಾಗಿ ಬಿತ್ತುವ ಜುಲೈವರೆಗೆ ಖಾಲಿ ಬೀಳುವುದುಂಟು. ಈ ಬಿಡುವಿನಲ್ಲಿ ಮೇವಿನ ಅಲಸಂದೆ ಎರಡು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಅರ್ಧದಷ್ಟು ಗಿಡಗಳು ಹೂ ಬಿಟ್ಟಾಗ ಕೊಯ್ದರೆ ಮೇವು ಮೃದುವಾಗಿಯೂ ಪೌಷ್ಟಿಕವಾಗಿಯೂ ಇರುತ್ತದೆ; ಉಳಿದ ಬೇರು ರಾಗಿಗೆ ಗೊಬ್ಬರ. ಮಂಡ್ಯದ ವಿ.ಸಿ. ಫಾರಂನ ಮೇವು ಸಂಶೋಧಕರು ಎಂಎಫ್‌ಸಿ-08-14, ಎಂಎಫ್‌ಸಿ-09-1 ಎಂಬ ಮೇವಿನ ತಳಿಗಳನ್ನೇ ರೂಪಿಸಿದ್ದಾರೆ. ಎರಡನೆಯದು, ಅಕ್ಕಡಿ ಸಾಲಿಗೆ ಹಳೆಯ ಸೊಗಡಿನ ಅವರೆ. ಮೂರನೆಯದು, ರಾಗಿ ಕೈಕೊಟ್ಟ ವರ್ಷದಲ್ಲೂ ಕೈಹಿಡಿಯುವ ಹುರುಳಿ.

ಇನ್ನು ಬದು ಮತ್ತು ಬೇಲಿ. ಬೇಲಿ ಮೆಂತೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಕೊಡುವ ಗಿಡ. ಮೊದಲ ಕೊಯ್ಲಿಗೆ ಮೂರು ತಿಂಗಳು ಕಾಯಬೇಕು. ಆ ಬಳಿಕ ತೇವಾಂಶವಿದ್ದರೆ 40 ದಿನಕ್ಕೊಮ್ಮೆ ಕೊಯ್ಯಬಹುದು. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಬಿಸಿನೀರಿನಲ್ಲಿ ಮೂರು ನಾಲ್ಕು ನಿಮಿಷ ಅದ್ದಿ ತೆಗೆದು ಬಿತ್ತಬೇಕು. ಈ ಒಂದು ಸಣ್ಣ ಸಂಗತಿಯನ್ನು ಹೇಳದೆ ಬೀಜ ಹಂಚಿದರೆ ಅದು ಮೊಳೆಯುವುದಿಲ್ಲ, ರೈತ ಮತ್ತೆ ಕೇಳುವುದೂ ಇಲ್ಲ. ಬಾವಿ, ತೋಟದ ಅಂಚಿಗೆ ಅಗಸೆ. ಬದುವಿನ ಮೇಲೆ ಗೊಬ್ಬರಕ್ಕೂ ಮೇವಿಗೂ ಆಗುವ ಗ್ಲಿರಿಸಿಡಿಯಾ. ತೆಂಗಿನ ಸಾಲುಗಳ ನಡುವಿನ ಬಯಲಿಗೆ ಮತ್ತು ಬಡಕಲು ಗೋಮಾಳಕ್ಕೆ ಸ್ಟೈಲೊ. ಹಾಸನ ಜಿಲ್ಲೆಯ ಒಣಭಾಗದ ಆದಿಹಳ್ಳಿ–ಮೈಲನಹಳ್ಳಿ ಜಲಾನಯನದಲ್ಲಿ ಬೈಫ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಕೃಷಿಹೊಂಡಗಳ ಜಾಲದ ಜೊತೆಗೆ ಮರಗಿಡ ಆಧಾರಿತ ಬೇಸಾಯವನ್ನು ರೂಢಿಗೆ ತರಲು ಶ್ರಮಿಸಿತ್ತು. ಬದುವನ್ನು ವ್ಯರ್ಥಭೂಮಿಯೆಂದು ನೋಡದಿರುವ ಆ ದೃಷ್ಟಿ ಇಂದಿಗೂ ಪ್ರಸ್ತುತ.

ಹಾಗೆಂದು ದ್ವಿದಳ ಮೇವು ಸರ್ವರೋಗ ನಿವಾರಿಣಿಯಲ್ಲ. ಹಸಿದ ದನಕ್ಕೆ ಎಳೆಯ, ಒದ್ದೆ ದ್ವಿದಳ ಸೊಪ್ಪನ್ನೇ ಹೊಟ್ಟೆತುಂಬ ಹಾಕಿದರೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಕುತ್ತು ಬರಬಹುದು. ಮೊದಲು ಒಣಹುಲ್ಲು, ಆಮೇಲೆ ಬಾಡಿಸಿದ ಸೊಪ್ಪು, ಹಸಿರು ಮೇವಿನಲ್ಲಿ ಮೂರು ಪಾಲಿಗೆ ಒಂದು ಪಾಲು ದ್ವಿದಳ ಎಂಬ ಮಿತಿ ಕ್ಷೇಮ. ಸುಬಾಬುಲ್ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷಾಂಶವಿದೆ. ಮಿತಿಮೀರಿದರೆ ಕೂದಲು ಉದುರುತ್ತದೆ, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಅದರ ಬೀಜ ಸಿಡಿದು ಎಲ್ಲೆಂದರಲ್ಲಿ ಹುಟ್ಟಿ ಕಳೆಯಾಗುವುದೂ ಉಂಟು. ಬೇಲಿ ಮೆಂತೆಯಲ್ಲಿ ಈ ಮಿಮೊಸಿನ್ ಕಾಟವಿಲ್ಲ. ಗ್ಲಿರಿಸಿಡಿಯಾದ ವಾಸನೆಗೆ ಹಸು ಮೊದಲು ಮುಖ ತಿರುಗಿಸುತ್ತದೆ. ಒಂದು ದಿನ ಬಾಡಿಸಿ, ಬೇರೆ ಮೇವಿನೊಡನೆ ಬೆರೆಸಿ ರೂಢಿ ಮಾಡಿಸಬೇಕಾಗುತ್ತದೆ.

ಜಾಗ ಎಲ್ಲಿದೆ, ಬೀಜ ಎಲ್ಲಿದೆ?

ಎರಡು ಎಕರೆಯ ರೈತ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ‘ಇರುವ ಹೊಲದಲ್ಲಿ ದನಕ್ಕೆ ಬೆಳೆದರೆ ನಾವು ತಿನ್ನುವುದೇನು?’ ಹಸಿರು ಮೇವಿಗಾಗಿ ಪ್ರತ್ಯೇಕ ಭೂಮಿ ಮೀಸಲಿಡಿ ಎಂಬ ಉಪದೇಶ ಇಂಥವರ ಮುಂದೆ ನಿಲ್ಲುವುದಿಲ್ಲ. ಆದರೆ ಮೇಲೆ ಹೇಳಿದ ಯಾವುದಕ್ಕೂ ಪ್ರತ್ಯೇಕ ಭೂಮಿ ಬೇಕಿಲ್ಲ ಎಂಬುದನ್ನು ಗಮನಿಸಬೇಕು. ಮುಂಗಾರಿಗೆ ಮೊದಲಿನ ಬಿಡುವು, ರಾಗಿಯ ನಡುವಣ ಅಕ್ಕಡಿ, ಬದು, ತೆಂಗಿನ ಸಾಲು, ಬೇಲಿ ಇವೆಲ್ಲ ಈಗಾಗಲೇ ಇರುವ ಜಾಗಗಳು. ಯಾವುದೊಂದರಿಂದಲೂ ವರ್ಷದ ಅಗತ್ಯ ಪೂರೈಸದು. ಎಲ್ಲ ಸೇರಿದರೆ ಆದೀತು. ಹೆಚ್ಚಾದದ್ದನ್ನು ನೆರಳಿನಲ್ಲಿ, ಎಲೆ ಉದುರದಂತೆ ಒಣಗಿಸಿಟ್ಟರೆ ಬೇಸಿಗೆಗೂ ಒದಗುತ್ತದೆ.

ಕೂಲಿಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸೊಪ್ಪು ಕೊಯ್ದು ಹೊತ್ತು ತರುವ ಕೆಲಸ ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಹೆಂಗಸರ ತಲೆಯ ಮೇಲೇ ಬೀಳುತ್ತದೆ. ಮೂಟೆಯ ಹಣ ಉಳಿಸಲು ಅವರ ಬೆನ್ನು ಬಾಗಬೇಕಾದರೆ ಅದು ಉಳಿತಾಯವಲ್ಲ. ಆದ್ದರಿಂದಲೇ ದೂರದ ಹೊಲಕ್ಕಿಂತ ಕೊಟ್ಟಿಗೆಯ ಸುತ್ತಲಿನ ಬೇಲಿ ಮತ್ತು ಹಿತ್ತಿಲು ಮೊದಲ ಆದ್ಯತೆಯಾಗಬೇಕು. ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವ ಗಿಡಗಳು ಮನೆಗೆ ಹತ್ತಿರವಿರಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಬೀಜ. ಸೀಮೆ ಹುಲ್ಲಿನ ತುಂಡನ್ನು ನೆರೆಯವರಿಂದ ತಂದು ನೆಡಬಹುದು. ಅದು ಊರಿಂದೂರಿಗೆ ಹರಡಿದ್ದೇ ಹಾಗೆ. ಆದರೆ ಮೇವಿಗಾಗಿ ಹೂವಿನ ಹಂತದಲ್ಲೇ ಕೊಯ್ದ ಅಲಸಂದೆ ಬೀಜ ಕೊಡುವುದಿಲ್ಲ. ಬೀಜಕ್ಕೆಂದೇ ಯಾರಾದರೂ ಬೆಳೆಯಬೇಕು, ಬೆಳೆದವರಿಗೆ ಬೆಲೆ ಸಿಗಬೇಕು. ಸೊಗಡಿನ ಅವರೆಯ ನಾಟಿ ಬೀಜ ಕೆಲವು ಮನೆಗಳ ಮಡಕೆಗಳಲ್ಲಷ್ಟೇ ಉಳಿದಿದೆ. ಅದನ್ನು ಕಾಯ್ದುಕೊಂಡ ಹಿರಿಯ ಹೆಂಗಸರ ತಲೆಮಾರು ಸರಿದರೆ ಅದೂ ಸರಿಯುತ್ತದೆ. ಬರ ಬಂದಾಗ ಮೇವಿನ ಬೀಜದ ಕಿರುಪೊಟ್ಟಣ ಹಂಚುವ ಸರ್ಕಾರಿ ಕ್ರಮ ಒಳ್ಳೆಯದೇ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸವದು.

ಡೇರಿಯಿಂದಲೇ ಆರಂಭವಾಗಲಿ

ಹಾಗಾದರೆ ಮಾಡಬೇಕಾದುದೇನು? ಹೊಸ ಇಲಾಖೆಯಾಗಲಿ ನಿಗಮವಾಗಲಿ ಬೇಕಿಲ್ಲ. ಹಳ್ಳಿಹಳ್ಳಿಯಲ್ಲೂ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಪಶು ಆಹಾರದ ಮೂಟೆಯನ್ನು ಮನೆಬಾಗಿಲಿಗೆ ತಲುಪಿಸಬಲ್ಲ ವ್ಯವಸ್ಥೆಗೆ ಮೇವಿನ ಬೀಜದ ಚೀಲವನ್ನು ತಲುಪಿಸುವುದು ಅಸಾಧ್ಯವಲ್ಲ. ಪ್ರತಿ ಸಂಘದ ವ್ಯಾಪ್ತಿಯಲ್ಲಿ ಇಬ್ಬರು ಮೂವರು ಸದಸ್ಯರು ಬೀಜಕ್ಕಾಗಿಯೇ ಅಲಸಂದೆ, ಅವರೆ, ಬೇಲಿ ಮೆಂತೆ ಬೆಳೆಯಲಿ. ಸಂಘ ಅದನ್ನು ಒಪ್ಪಿತ ದರಕ್ಕೆ ಕೊಂಡು ಭರಣಿ ಮಳೆಗೆ ಮುನ್ನ ಉಳಿದವರಿಗೆ ಹಂಚಲಿ. ಹಣವನ್ನು ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಹೇಗೂ ಇದೆ. ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಕಾರೆಕೆರೆಯ ಕೃಷಿ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜುಗಳು ಕೂಗಳತೆಯಲ್ಲಿವೆ. ಅವರೆಯ ಕಾಯಿ ಬೇರೆ ವಿಭಾಗಕ್ಕೆ, ಸೊಪ್ಪು ಬೇರೆ ವಿಭಾಗಕ್ಕೆ ಎಂಬ ವಿಂಗಡಣೆಯನ್ನು ಬಿಟ್ಟು, ಕಾಯಿಯನ್ನೂ ಸೊಪ್ಪನ್ನೂ ಒಟ್ಟಿಗೆ ಅಳೆಯುವ ಪ್ರಯೋಗಗಳನ್ನು ರೈತರ ಹೊಲಗಳಲ್ಲೇ ನಡೆಸಬೇಕು.

ಗೋಮಾಳಗಳ ಮಾತು ಬೇರೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂದು ಹೆಸರು ಪಡೆದು, ಅದರ ಕಾವಲುಗಳು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಹರಡಿದ್ದವು. ಅವುಗಳಲ್ಲಿ ಬಹುಭಾಗ ನಾನಾ ಉದ್ದೇಶಗಳಿಗೆ ಕೈತಪ್ಪಿದೆ. ಉಳಿದ ಗೋಮಾಳಗಳನ್ನಾದರೂ ಒತ್ತುವರಿಯಿಂದ ಬಿಡಿಸಿ, ಸ್ಟೈಲೊದಂಥ ದ್ವಿದಳಗಳನ್ನು ಬಿತ್ತಿ, ಸರದಿಯಲ್ಲಿ ಮೇಯಿಸುವ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಬೇಕು. ಸ್ವಂತ ಭೂಮಿಯಿಲ್ಲದೆ ಒಂದೆರಡು ಆಡು ಸಾಕಿಕೊಂಡವರಿಗೆ ಬೇರೆ ಬದುವೂ ಇಲ್ಲ, ಬೇಲಿಯೂ ಇಲ್ಲ.

ಸಾವಯವ ಹಾಲಿಗೆ ಹೆಚ್ಚಿನ ಬೆಲೆ ಬರುವುದು ದೃಢೀಕರಣವಾದ ಮೇಲೆ. ಭೂಮಿಯ ಪರಿವರ್ತನೆಗೇ ಎರಡು ಮೂರು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ರೈತನನ್ನು ಕಾಯುವುದು ಪ್ರಮಾಣಪತ್ರವಲ್ಲ, ಉಳಿದ ಮೂಟೆಯ ಹಣ. ಹೀಗಾಗಿ ನಮ್ಮ ಸಾವಯವ ನೀತಿಯು ಪ್ಯಾಕೆಟ್ಟಿನ ಮೇಲಿನ ಮುದ್ರೆಯಿಂದ ಆರಂಭವಾಗದೆ ಹೊಲದ ಬದುವಿನಿಂದ ಆರಂಭವಾಗಬೇಕು.

ಅಕ್ಕಡಿ ಸಾಲು ಬಿತ್ತುವಾಗ ಹಿಂದಿನವರು ಯಾವ ಸಹಾಯಧನವನ್ನೂ ಎಣಿಸಿರಲಿಲ್ಲ. ಹೊಲದಲ್ಲಿ ದನಕ್ಕೂ ಒಂದು ಪಾಲಿದೆ ಎಂಬುದು ಅವರಿಗೆ ಬೇಸಾಯದ ಮೊದಲ ಪಾಠವಾಗಿತ್ತು. ಬರುವ ಭರಣಿ ಮಳೆಗೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಹಳ್ಳಿಗಳ ಡೇರಿಗಳಲ್ಲಿ ಪಶು ಆಹಾರದ ಮೂಟೆಯ ಪಕ್ಕದಲ್ಲಿ ಅಲಸಂದೆ ಬೀಜದ ಒಂದು ಚೀಲವೂ ಕಾಣುವಂತಾದರೆ ಆ ಪಾಠವನ್ನು ನಾವು ಪೂರ್ತಿ ಮರೆತಿಲ್ಲ ಎಂದು ತಿಳಿಯಬಹುದು.